ಬಂಕಿನ ಮುಂದಿನ ಬೇಸರ, ಕಾಡಿನೊಳಗಿನ ಹೊಗೆ

(ಮಲೆಭಾಗದ ಹಳ್ಳಿಗರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗುಂಡ್ಲುಪೇಟೆಯು ಹೆದ್ದಾರಿಗಳು ಕವಲೊಡೆಯುವ ಊರು. ಮೈಸೂರಿನಿಂದ ನಂಜನಗೂಡು, ಬೇಗೂರುಗಳನ್ನು ದಾಟಿ ಬರುವ ರಸ್ತೆ ಇಲ್ಲಿ ಎರಡಾಗುತ್ತದೆ. ಒಂದು ಕವಲು ಮದ್ದೂರು, ಮೂಲೆಹೊಳೆಗಳ ಮೂಲಕ ವಯನಾಡಿಗೆ ಸಾಗುತ್ತದೆ. ಇನ್ನೊಂದು ಹಂಗಳ, ಬಂಡೀಪುರಗಳ ಮೂಲಕ ನೀಲಗಿರಿಗೆ ಏರುತ್ತದೆ. ಹಿಂದೆ 212 ಮತ್ತು 67 ಎಂದು ಕರೆಯಲಾಗುತ್ತಿದ್ದ ಈ ಹೆದ್ದಾರಿಗಳಿಗೆ ಈಗ 766 ಮತ್ತು 181 ಎಂಬ ಸಂಖ್ಯೆಗಳಿವೆ. ಪೂರ್ವಕ್ಕೆ ತೆರಕಣಾಂಬಿಯ ಮೇಲೆ ಹೋದರೆ ಜಿಲ್ಲಾ ಕೇಂದ್ರವಾದ ಚಾಮರಾಜನಗರ. ಎರಡೂ ಹೆದ್ದಾರಿಗಳು ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುವುದರಿಂದ, ಕಾಡಿನ ಹಾದಿ ಹಿಡಿಯುವ ಮುನ್ನ ಗುಂಡ್ಲುಪೇಟೆಯಲ್ಲಿ ಟ್ಯಾಂಕು ತುಂಬಿಸಿಕೊಳ್ಳುವುದು ಬಹುಕಾಲದ ವಾಡಿಕೆ.

2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಿದರು. ಆದೇಶವು ಕೆಲವೇ ದಿನಗಳಲ್ಲಿ ಹಿಂದಕ್ಕೆ ಸರಿದರೂ, ವಿವಾದವು ನ್ಯಾಯಾಲಯದ ಮೆಟ್ಟಿಲೇರಿ 2010ರ ಮಾರ್ಚ್‌ನಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ನಿರ್ಬಂಧವನ್ನು ಎತ್ತಿಹಿಡಿಯಿತು. ಅಂದಿನಿಂದ ಈ ಊರಿನ ಬಂಕುಗಳಿಗೆ ಒಂದು ಹೊಸ ಗಡಿಯಾರ ಬಂದಂತಾಗಿದೆ. ಸಂಜೆ ಎಂಟರ ಹೊತ್ತಿಗೆ ಬಂದ ಕಾರಿನವನಿಗೆ ಗೇಟು ಮುಚ್ಚುವ ಮೊದಲು ಕಾಡು ಸೇರುವ ಅವಸರ. ಅವಸರದಲ್ಲಿ ಇರುವವನಿಗೆ ಸಣ್ಣ ಅಡಚಣೆಯೂ ದೊಡ್ಡದಾಗಿ ಕಾಣುತ್ತದೆ. ಅವಸರದಲ್ಲಿ ಇರುವವನನ್ನು ವಂಚಿಸುವುದೂ ಸುಲಭ.

ಇಂದಿನ ವಿಷಯ ಡೀಸೆಲ್ ಕಾರುಗಳ ಒಡೆಯರು ಬಂಕಿನಲ್ಲಿ ಅನುಭವಿಸುವ ಕಿರಿಕಿರಿ. ಪರಿಸರ ಚಳವಳಿಯ ಸಭೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ಕಾರಿದ್ದವರ ದೂರು ಕಾರಿಲ್ಲದವರಿಗೇಕೆ ಎಂಬ ಪ್ರಶ್ನೆ ಸಹಜವೇ. ಉತ್ತರವನ್ನು ಹುಡುಕಲು ಮೊದಲು ಆ ದೂರನ್ನು ತಾಳ್ಮೆಯಿಂದ ಕೇಳಬೇಕು.

ದೂರುಗಳ ಪಟ್ಟಿ

ಮೊದಲನೆಯದು ನಳಿಕೆಯದು. ಲಾರಿಗಳ ದೊಡ್ಡ ಟ್ಯಾಂಕಿಗಾಗಿ ರೂಪಿಸಿದ ದಪ್ಪ ನಳಿಕೆ ಕಾರಿನ ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಡೀಸೆಲ್ ಪೆಟ್ರೋಲಿಗಿಂತ ಹೆಚ್ಚು ನೊರೆಯೇಳುವ ದ್ರವ. ವೇಗವಾಗಿ ಸುರಿದಾಗ ನೊರೆಯು ನಳಿಕೆಯ ತುದಿಯನ್ನು ಮುಟ್ಟಿ, ಟ್ಯಾಂಕು ತುಂಬುವ ಮೊದಲೇ ಯಂತ್ರ ತಾನಾಗಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಚೆಲ್ಲುತ್ತದೆ. ಚೆಲ್ಲಿದ ಪೆಟ್ರೋಲು ಬೇಗ ಆವಿಯಾದರೆ ಡೀಸೆಲ್ ನೆಲದಲ್ಲಿಯೇ ಜಿಡ್ಡಾಗಿ ಉಳಿಯುತ್ತದೆ. ಕಾರಿನವನ ಕೈಗೆ ವಾಸನೆ, ಹಿಂದೆ ಬರುವ ದ್ವಿಚಕ್ರ ವಾಹನದವನಿಗೆ ಜಾರುವ ಭಯ.

ಎರಡನೆಯದು ಲೆಕ್ಕದ ಆಟ. ಸಾವಿರ ರೂಪಾಯಿಯ ಡೀಸೆಲ್ ಕೇಳಿದವನಿಗೆ ಇನ್ನೂರಕ್ಕೆ ನಿಲ್ಲಿಸಿ, ತಪ್ಪಾಗಿ ಕೇಳಿಸಿತೆಂದು ಹೇಳಿ, ಸೊನ್ನೆಗೆ ತರದೆಯೇ ಎಂಟುನೂರರವರೆಗೆ ಮುಂದುವರಿಸುವ ತಂತ್ರ ದೇಶದ ಎಲ್ಲ ಭಾಗಗಳಲ್ಲೂ ಪರಿಚಿತವಾದದ್ದು. ಒಬ್ಬ ನೌಕರ ಗಾಜು ಒರೆಸುತ್ತ, ಇನ್ನೊಬ್ಬ ಕಾರ್ಡು ಕೇಳುತ್ತ ಇರುವಾಗ ಕಣ್ಣು ಫಲಕದಿಂದ ಸರಿದಿರುತ್ತದೆ. ಇನ್ನೂರು ರೂಪಾಯಿ ಮಾಯವಾಗಿರುತ್ತದೆ.

ಮೂರನೆಯದು ತಪ್ಪು ಇಂಧನ. ಡೀಸೆಲ್ ಕಾರಿಗೆ ಪೆಟ್ರೋಲು ಬಿದ್ದರೆ ಆಗುವ ಹಾನಿ ಸಣ್ಣದಲ್ಲ. ಡೀಸೆಲ್ ಉರಿಯುವುದಷ್ಟೇ ಅಲ್ಲ, ತನ್ನ ಹಾದಿಯಲ್ಲಿರುವ ಸೂಕ್ಷ್ಮ ಪಂಪಿಗೂ ಇಂಜೆಕ್ಟರುಗಳಿಗೂ ಜಾರುಗುಣ ಒದಗಿಸುತ್ತದೆ. ಪೆಟ್ರೋಲಿಗೆ ಆ ಗುಣವಿಲ್ಲ. ಲೋಹ ಲೋಹವನ್ನು ಉಜ್ಜುತ್ತದೆ. ತಪ್ಪಾಗಿದೆಯೆಂದು ತಿಳಿದರೆ ಇಂಜಿನ್ ಚಾಲೂ ಮಾಡದೆ, ಕೀಲಿಯನ್ನೂ ತಿರುಗಿಸದೆ, ಗಾಡಿಯನ್ನು ತಳ್ಳಿ ಬದಿಗೆ ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿಸುವುದೊಂದೇ ದಾರಿ.

ಇವುಗಳ ಜೊತೆಗೆ ಟ್ಯಾಂಕಿನ ತಳದಲ್ಲಿ ಸೇರಿದ ನೀರು, ಕೆಟ್ಟುನಿಂತ ಗಾಳಿಯಂತ್ರ, ಬೀಗ ಹಾಕಿದ ಶೌಚಾಲಯ, ಕೇಳಿದರೂ ಸಿಗದ ರಸೀದಿ, 'ದಾಸ್ತಾನು ಇಲ್ಲ' ಎಂಬ ಹಲಗೆ. ಪಟ್ಟಿ ಉದ್ದವಿದೆ.

ಆದರೆ ಕಾರಿನವನಿಗೆ ಮುಂದಿನ ಬಂಕು ಇದೆ, ಮುಂದಿನ ಊರು ಇದೆ. ಬೈದುಕೊಂಡು ಹೊರಟರೆ ಅವನ ಮಟ್ಟಿಗೆ ಮುಗಿಯಿತು. ಅದೇ ನಳಿಕೆಯಿಂದ ಟ್ರ್ಯಾಕ್ಟರಿಗೆ, ಟೊಮೆಟೊ ಸಾಗಿಸುವ ಟೆಂಪೊಗೆ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಗೂ ಹೋಗುವ ಜೀಪಿಗೆ ಡೀಸೆಲ್ ಹೋಗುತ್ತದೆ. ಅವರಿಗೆ ಬೇರೆ ಬಂಕಿನ ಆಯ್ಕೆ ಬಹುತೇಕ ಇರುವುದಿಲ್ಲ. ಕಲಬೆರಕೆಯ ಡೀಸೆಲಿನಿಂದ ಕಾರು ಕೆಟ್ಟರೆ ಒಂದು ಪ್ರವಾಸ ಹಾಳಾಗುತ್ತದೆ; ಹೆರಿಗೆಗೆ ಹೊರಟ ಹೆಣ್ಣುಮಗಳನ್ನು ಕೂರಿಸಿಕೊಂಡ ಜೀಪು ಘಾಟಿಯಲ್ಲಿ ನಿಂತರೆ ಹಾಳಾಗುವುದು ಬೇರೆ. ಆದ್ದರಿಂದ ಕಾರಿನವನ ದೂರು ಅವನೊಬ್ಬನದಲ್ಲ. ಅವನು ಗಟ್ಟಿಯಾಗಿ ಹೇಳಬಲ್ಲ, ಹಳ್ಳಿಯವನು ಹೇಳಲಾರ ಎಂಬುದಷ್ಟೇ ವ್ಯತ್ಯಾಸ.

ಕಾರಿಗೆ ಡೀಸೆಲ್ ಬಂದ ಬಗೆ

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಬಗೆಯ ಇಂಜಿನ್ನನ್ನು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಕಡಲೆಕಾಯಿ ಬೆಳೆಯುವ ಈ ಜಿಲ್ಲೆಯ ರೈತರು ಇದನ್ನು ಕೇಳಿ ನಗಬಹುದು. ಕಾಲಕ್ರಮದಲ್ಲಿ ಈ ಇಂಜಿನ್ ಕಲ್ಲೆಣ್ಣೆಗೆ ಒಗ್ಗಿತು; ಭಾರ ಎಳೆಯುವ ಲಾರಿ, ಬಸ್ಸು, ರೈಲು, ನೀರೆತ್ತುವ ಪಂಪುಗಳ ಜೀವವಾಯಿತು. ಸರಕು ಸಾಗಣೆ ಮತ್ತು ಬೇಸಾಯಗಳು ದುಬಾರಿಯಾಗಬಾರದೆಂದು ಭಾರತ ಸರ್ಕಾರವು ಡೀಸೆಲ್ ಬೆಲೆಯನ್ನು ದಶಕಗಳ ಕಾಲ ಕೆಳಗೆ ಹಿಡಿದಿಟ್ಟಿತು.

2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನು ನಿಯಂತ್ರಣದಿಂದ ಬಿಡಲಾಯಿತು, ಡೀಸೆಲನ್ನು ಬಿಡಲಿಲ್ಲ. 2012ರ ಮೇ ತಿಂಗಳ ಏರಿಕೆಯ ನಂತರ ದೆಹಲಿಯಲ್ಲಿ ಪೆಟ್ರೋಲು ಲೀಟರಿಗೆ 73 ರೂಪಾಯಿ ದಾಟಿತು. ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಬಸ್ಸಿಗೂ ರೈತನಿಗೂ ಎಂದು ಇಟ್ಟ ರಿಯಾಯಿತಿಯನ್ನು ಬಳಸಿಕೊಳ್ಳಲು ಮಧ್ಯಮ ವರ್ಗದವರು ಡೀಸೆಲ್ ಕಾರುಗಳ ಕಡೆಗೆ ಧಾವಿಸಿದರು. ಪೆಟ್ರೋಲ್ ಕಾರಿಗಿಂತ ಹೆಚ್ಚು ಹಣ ತೆತ್ತು ಕೊಂಡ ಕಾರು ಕೆಲವೇ ವರ್ಷಗಳಲ್ಲಿ ಆ ಹಣವನ್ನು ಮರಳಿಸುವುದೆಂಬ ಲೆಕ್ಕ ಅವರದಾಗಿತ್ತು.

ಲೆಕ್ಕ ತಲೆಕೆಳಗಾಯಿತು. 2013ರ ಜನವರಿಯಿಂದ ಡೀಸೆಲ್ ಬೆಲೆ ತಿಂಗಳಿಗೆ ಸುಮಾರು 50 ಪೈಸೆಯಂತೆ ಏರತೊಡಗಿತು. 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣ ಪೂರ್ಣವಾಗಿ ಹೋಯಿತು. 2017ರ ಜೂನ್ 16ರಿಂದ ಬೆಲೆಯು ದಿನವೂ ಬದಲಾಗುವ ಪದ್ಧತಿ ಜಾರಿಗೆ ಬಂತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-6 ನಿಯಮ ಜಾರಿಯಾದಾಗ ದೇಶದ ಅತಿ ದೊಡ್ಡ ಕಾರು ತಯಾರಕ ಸಂಸ್ಥೆಯೇ ಡೀಸೆಲ್ ಕಾರುಗಳ ತಯಾರಿಕೆಯನ್ನು ಕೈಬಿಟ್ಟಿತು. ಬಂಕಿನ ಮುಂದೆ ನಿಂತ ಡೀಸೆಲ್ ಕಾರಿನವನ ಮುಖದಲ್ಲಿ ಕಾಣುವ ಸಿಟ್ಟಿನ ಒಂದು ಪಾಲು ನೌಕರನ ಮೇಲಿನದಲ್ಲ. ಕೊಟ್ಟ ಮಾತು ತಪ್ಪಿದ ನೀತಿಯ ಮೇಲಿನದು.

ಮೊದಲ ಅನುಮಾನ: ಅಳತೆ

ಬಂಕಿನಲ್ಲಿ ಗ್ರಾಹಕನಿಗೆ ಕೊಂಡ ವಸ್ತು ಕಾಣುವುದಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು, ಹಾಲನ್ನು ಕಾಯಿಸಿ ನೋಡಬಹುದು. ಡೀಸೆಲ್ ನೆಲದಡಿಯ ಟ್ಯಾಂಕಿನಿಂದ ಹೊರಟು ಕೊಳವೆಯ ಮೂಲಕ ಗಾಡಿಯ ಟ್ಯಾಂಕು ಸೇರುತ್ತದೆ. ಕಾಣುವುದು ಫಲಕದ ಮೇಲಿನ ಅಂಕಿಗಳು ಮಾತ್ರ. ಪಂಪಿನೊಳಗೆ ಒಂದು ಮಾಪಕವಿದ್ದು, ಹರಿದುಹೋಗುವ ದ್ರವವನ್ನು ನಿಗದಿತ ಗಾತ್ರದ ಪಾಲುಗಳಾಗಿ ಅಳೆದು, ಪ್ರತಿ ಪಾಲಿಗೂ ವಿದ್ಯುತ್ ಸಂಕೇತವೊಂದನ್ನು ಫಲಕಕ್ಕೆ ಕಳುಹಿಸುತ್ತದೆ. ಮಾಪಕಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮೊಹರು ಇರಬೇಕು. ವರ್ಷಕ್ಕೊಮ್ಮೆ ಮರುಪರಿಶೀಲನೆ ನಡೆಯಬೇಕು.

ಮೊಹರು ಇದ್ದ ಮಾತ್ರಕ್ಕೆ ನಂಬಿ ಕೂರುವಂತಿಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಪೊಲೀಸರು ಲಖನೌ ನಗರದ ಬಂಕುಗಳ ಮೇಲೆ ದಾಳಿ ನಡೆಸಿದಾಗ, ಸಂಕೇತಗಳ ಲೆಕ್ಕವನ್ನೇ ತಿರುಚುವ, ದೂರದಿಂದ ನಿಯಂತ್ರಿಸಬಹುದಾದ ಪುಟ್ಟ ಚಿಪ್ಪುಗಳು ಪಂಪುಗಳೊಳಗೆ ಸಿಕ್ಕವು.

ಇದಕ್ಕೆ ಕಾನೂನಿನಲ್ಲಿ ಸರಳ ಉತ್ತರವಿದೆ. ಪ್ರತಿ ಬಂಕಿನಲ್ಲಿಯೂ ಇಲಾಖೆಯು ದೃಢೀಕರಿಸಿದ 5 ಲೀಟರಿನ ಅಳತೆಪಾತ್ರೆ ಇರಬೇಕು. ಅನುಮಾನ ಬಂದ ಯಾವ ಗ್ರಾಹಕನೂ ಅದರಲ್ಲಿ ತುಂಬಿಸಿ ತೋರಿಸುವಂತೆ ಕೇಳಬಹುದು. ಐದು ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶವಿದೆ. 40 ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿದರೆ ಅದು 200 ಮಿಲಿಲೀಟರು, ಒಂದು ಲೋಟದಷ್ಟು. ಅದಕ್ಕಿಂತ ಹೆಚ್ಚು ಕೊರತೆ ಕಂಡರೆ ಅದು ಅಪರಾಧ.

ಈ ಹಕ್ಕನ್ನು ಬಳಸುವವರಿಗಿಂತ ಗಾಳಿಮಾತನ್ನು ನಂಬುವವರೇ ಹೆಚ್ಚು. ನೂರಕ್ಕೆ ಬದಲು ನೂರಹತ್ತು ರೂಪಾಯಿಗೆ ಹಾಕಿಸಿದರೆ ಮೋಸ ತಪ್ಪುತ್ತದೆ ಎನ್ನುತ್ತಾರೆ. ತಿರುಚಿದ ಯಂತ್ರವು ನೂರಹತ್ತನ್ನೂ ತಿರುಚಬಲ್ಲದು. ಬೆಳಗಿನ ಜಾವ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎನ್ನುತ್ತಾರೆ. ಬಿಸಿಯಾದಾಗ ಡೀಸೆಲ್ ಹಿಗ್ಗುವುದು ನಿಜ. 10 ಡಿಗ್ರಿ ಏರಿದರೆ 40 ಲೀಟರು ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗೀತು. ಆದರೆ ಟ್ಯಾಂಕು ಇರುವುದು ನೆಲದಡಿಯಲ್ಲಿ. ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಉಷ್ಣತೆಯ ವ್ಯತ್ಯಾಸ ಅತ್ಯಲ್ಪ. ನಿದ್ದೆಗೆಟ್ಟು ಬಂಕಿಗೆ ಹೋಗುವುದಕ್ಕಿಂತ ಅಳತೆಪಾತ್ರೆ ಕೇಳುವುದು ಮೇಲು.

ಎರಡನೆಯ ಅನುಮಾನ: ಶುದ್ಧತೆ

2002ರಿಂದ 2010ರವರೆಗೆ ಪಡಿತರ ಸೀಮೆಎಣ್ಣೆಯ ಬೆಲೆ ದೆಹಲಿಯಲ್ಲಿ ಲೀಟರಿಗೆ 9 ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿತ್ತು. ಡೀಸೆಲ್ ಅದಕ್ಕಿಂತ ಬಹಳ ದುಬಾರಿಯಾಗಿತ್ತು. ಬಡವನ ದೀಪಕ್ಕೆಂದು ಹೊರಟ ಎಣ್ಣೆ ಟ್ಯಾಂಕರುಗಳ ದಾರಿ ತಪ್ಪಿ ಡೀಸೆಲಿನಲ್ಲಿ ಸೇರಲು ಆ ಅಂತರವೇ ಸಾಕಾಯಿತು. ಹಳ್ಳಿಯ ಮನೆಯಲ್ಲಿ ದೀಪ ಆರಿತು. ರಸ್ತೆಯಲ್ಲಿ ಹೊಗೆ ಹೆಚ್ಚಿತು.

ಈ ದಂಧೆಯನ್ನು ಎದುರಿಸಿದವರು ತೆತ್ತ ಬೆಲೆಯನ್ನು ಕನ್ನಡನಾಡಿನ ವಿದ್ಯಾರ್ಥಿಗಳು ಮರೆಯಬಾರದು. ಕೋಲಾರ ಚಿನ್ನದ ಗಣಿಯ ಮಂಜುನಾಥ್ ಷಣ್ಮುಗಂ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಪದವಿ ಪಡೆದು, ಇಂಡಿಯನ್ ಆಯಿಲ್ ನಿಗಮದಲ್ಲಿ ಅಧಿಕಾರಿಯಾಗಿದ್ದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಅವರು ಬೀಗಮುದ್ರೆ ಹಾಕಿದ್ದರು. ಅದು ಮತ್ತೆ ತೆರೆದ ಮೇಲೆ ಪುನಃ ತಪಾಸಣೆಗೆ ಹೋದಾಗ, 2005ರ ನವೆಂಬರ್ 19ರಂದು, ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 27 ವರ್ಷ. 2007ರಲ್ಲಿ ವಿಚಾರಣಾ ನ್ಯಾಯಾಲಯವು ಮುಖ್ಯ ಅಪರಾಧಿಗೆ ಮರಣದಂಡನೆ ವಿಧಿಸಿತು. 2009ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಅದನ್ನು ಜೀವಾವಧಿಗೆ ಇಳಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ಸ್ಥಿರಪಡಿಸಿತು. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನ್ಮಾಡ್ ಬಳಿ ಎಣ್ಣೆ ಕಳ್ಳರನ್ನು ತಡೆಯಲು ಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಜೀವಂತವಾಗಿ ಸುಡಲಾಯಿತು. ಬಂಕಿನ ಕಿರಿಕಿರಿ ಎಂದು ಹಗುರವಾಗಿ ಹೇಳುವ ಮಾತಿನ ಹಿಂದೆ ಇಂತಹ ಸಾವುಗಳಿವೆ.

ಕಲಬೆರಕೆಯನ್ನು ಗುರುತಿಸಲು ಗ್ರಾಹಕನಿಗೆ ಲಭ್ಯವಿರುವ ಸಾಧನ ಸಾಂದ್ರತೆಯ ಪರೀಕ್ಷೆ. 15 ಡಿಗ್ರಿ ಉಷ್ಣತೆಯಲ್ಲಿ ಒಂದು ಸಾವಿರ ಲೀಟರ್ ಡೀಸೆಲ್ ಸಾಮಾನ್ಯವಾಗಿ 820ರಿಂದ 845 ಕಿಲೋ ತೂಗುತ್ತದೆ. ಸೀಮೆಎಣ್ಣೆ ಅದಕ್ಕಿಂತ ಹಗುರ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ: 835 ಸಾಂದ್ರತೆಯ ಡೀಸೆಲಿನ ನಾಲ್ಕು ಪಾಲಿಗೆ 800 ಸಾಂದ್ರತೆಯ ಸೀಮೆಎಣ್ಣೆಯ ಒಂದು ಪಾಲು ಸೇರಿದರೆ ಮಿಶ್ರಣದ ಸಾಂದ್ರತೆ 828ಕ್ಕೆ ಇಳಿಯುತ್ತದೆ. ಟ್ಯಾಂಕರಿನ ಜೊತೆಗೆ ಬಂದ ಚೀಟಿಯಲ್ಲಿರುವ ಸಾಂದ್ರತೆಗೂ ಬಂಕಿನಲ್ಲಿ ಅಳೆದ ಸಾಂದ್ರತೆಗೂ 3ಕ್ಕಿಂತ ಹೆಚ್ಚು ಅಂತರ ಇರಬಾರದೆಂಬುದು ನಿಯಮ. ಇಲ್ಲಿ ಅಂತರ 7. ಗಾಜಿನ ಜಾಡಿ, ಸಾಂದ್ರತಾಮಾಪಕ, ಉಷ್ಣಮಾಪಕ ಮತ್ತು ಪರಿವರ್ತನೆಯ ಕೋಷ್ಟಕ ಬಂಕಿನಲ್ಲಿಯೇ ಇರಬೇಕು. ಆ ದಿನದ ಸಾಂದ್ರತೆಯನ್ನು ಫಲಕದಲ್ಲಿ ತೋರಿಸಬೇಕು. ಉಷ್ಣತೆಯನ್ನು ಮಾತ್ರ ಮರೆಯಬಾರದು: 15 ಡಿಗ್ರಿಯಲ್ಲಿ 830 ಇದ್ದ ಡೀಸೆಲ್ 30 ಡಿಗ್ರಿಯ ಸೆಕೆಯಲ್ಲಿ ಸುಮಾರು 820 ತೋರಿಸುತ್ತದೆ. ಅದನ್ನು ಕಲಬೆರಕೆಯೆಂದು ಕೂಗಿದರೆ ಪ್ರಾಮಾಣಿಕ ವ್ಯಾಪಾರಿಗೆ ಅನ್ಯಾಯವಾಗುತ್ತದೆ.

ಈ ಪರೀಕ್ಷೆಗೂ ಮಿತಿಯಿದೆ. ಹಗುರ ಎಣ್ಣೆಯ ಜೊತೆ ಭಾರದ ಎಣ್ಣೆಯನ್ನೂ ಬೆರೆಸಿದರೆ ಸಾಂದ್ರತೆ ಸರಿಯಾಗಿಯೇ ಕಾಣಬಹುದು. ಆಗ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಮಾದರಿ ತೆಗೆಯುವ, ದಾಸ್ತಾನು ಜಪ್ತಿ ಮಾಡುವ ಅಧಿಕಾರವನ್ನು 2005ರ ಮೋಟಾರ್ ಸ್ಪಿರಿಟ್ ಮತ್ತು ಹೈಸ್ಪೀಡ್ ಡೀಸೆಲ್ ಆದೇಶವು ಅಧಿಕಾರಿಗಳಿಗೆ ಕೊಟ್ಟಿದೆ.

ನಗರಕ್ಕೊಂದು ಇಂಧನ, ಹಳ್ಳಿಗೊಂದು

ಕೆಲವು ವರ್ಷ ಕಲಬೆರಕೆಯಿಲ್ಲದ ಡೀಸೆಲಿನಲ್ಲಿಯೂ ಭೇದವಿತ್ತು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಭಾರತ್ ಸ್ಟೇಜ್-4 ಇಂಧನ ಬಂತು. ಅದರಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50. ಉಳಿದ ಊರುಗಳಿಗೆ ಸ್ಟೇಜ್-3, ಅದರಲ್ಲಿ 350. ಬೆಂಗಳೂರಿನಲ್ಲಿ ಕೊಂಡ ಹೊಸ ಕಾರನ್ನು ಬಂಡೀಪುರ ನೋಡಲು ತಂದವನು ಇಲ್ಲಿ ಹಳೆಯ ಬಗೆಯ ಡೀಸೆಲ್ ಹಾಕಿಸಿಕೊಂಡು, ಇಂಜಿನ್ ಕೆಡುವುದೆಂದು ಗೊಣಗುತ್ತಿದ್ದ. ವರ್ಷವಿಡೀ ಅದೇ ಡೀಸೆಲಿನ ಹೊಗೆ ಕುಡಿಯುತ್ತಿದ್ದ ಹಳ್ಳಿಗನ ಶ್ವಾಸಕೋಶದ ಬಗ್ಗೆ ಯಾರೂ ಗೊಣಗಲಿಲ್ಲ. 2017ರ ಏಪ್ರಿಲ್‌ಗೆ ಇಡೀ ದೇಶ ಸ್ಟೇಜ್-4ಕ್ಕೆ, 2020ರ ಏಪ್ರಿಲ್‌ಗೆ ಸ್ಟೇಜ್-6ಕ್ಕೆ ಬಂದು ಗಂಧಕದ ಮಿತಿ 10ಕ್ಕೆ ಇಳಿಯಿತು. ಹಳ್ಳಿಗೂ ನಗರಕ್ಕೂ ಒಂದೇ ಇಂಧನ ಸಿಗುವಂತಾದದ್ದು ದೊಡ್ಡ ಸುಧಾರಣೆ.

ಹೊಸ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯಿದೆ. ಅದು ತುಂಬಿದಾಗ ಮಸಿಯನ್ನು ಸುಟ್ಟು ಶುದ್ಧವಾಗಲು ಒಂದಷ್ಟು ಹೊತ್ತು ಬಿಸಿಯಾಗಿ, ವೇಗವಾಗಿ ಓಡಬೇಕು. ಸಣ್ಣ ದೂರ, ನಿಧಾನದ ಓಟಗಳಲ್ಲಿ ಜಾಲರಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಕಲಬೆರಕೆಯ ಇಂಧನ ಅದನ್ನು ಇನ್ನೂ ಬೇಗ ಕೆಡಿಸುತ್ತದೆ. ಕೆಟ್ಟ ಜಾಲರಿಯನ್ನು ಕಿತ್ತೊಗೆಯುವವನು ತನ್ನ ಖರ್ಚು ಉಳಿಸಿ ಮಸಿಯನ್ನು ದಾರಿಯ ಮಕ್ಕಳಿಗೆ ಹಂಚುತ್ತಾನೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯ ಅನುಮಾನ: ಬೆಲೆ ಮತ್ತು ದಾಸ್ತಾನು

2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಡೀಸೆಲ್ ಅದರ ಹೊರಗೆ ಉಳಿಯಿತು. ಆದ್ದರಿಂದ ಗಡಿ ದಾಟಿದರೆ ಬೆಲೆ ಬದಲಾಗುತ್ತದೆ. 2021ರ ನವೆಂಬರ್‌ನಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಇಳಿಸಿದಾಗ ಕರ್ನಾಟಕವು ತನ್ನ ಪಾಲಿನಿಂದಲೂ ಲೀಟರಿಗೆ 7 ರೂಪಾಯಿ ಇಳಿಸಿತು. ಕೇರಳವು ತನ್ನ ತೆರಿಗೆಯ ದರವನ್ನು ಆಗ ಇಳಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ 2 ರೂಪಾಯಿಯ ಸೆಸ್ ಸೇರಿಸಿತು. ಘಾಟಿ ಇಳಿಯುವ ಮುನ್ನ ಈ ಕಡೆಯೇ ಟ್ಯಾಂಕು ತುಂಬಿಸುವ ವಾಡಿಕೆಗೆ ಬೆಲೆಯ ಕಾರಣವೂ ಸೇರಿತು. ಕರ್ನಾಟಕವು 2024ರ ಜೂನ್‌ನಲ್ಲಿಯೂ 2025ರ ಏಪ್ರಿಲ್‌ನಲ್ಲಿಯೂ ಡೀಸೆಲ್ ತೆರಿಗೆಯನ್ನು ಏರಿಸಿತು. ಎರಡನೆಯ ಬಾರಿ ತೆರಿಗೆ ಶೇಕಡ 21.17 ಆಗಿ, ಬೆಲೆ 2 ರೂಪಾಯಿ ಹೆಚ್ಚಿತು.

ದಾಸ್ತಾನಿನ ಕತೆಯೂ ಹೀಗೆಯೇ. 2022ರ ಮಾರ್ಚ್‌ನಲ್ಲಿ ಸಗಟು ಬಳಕೆದಾರರ ಡೀಸೆಲ್ ಬೆಲೆಯನ್ನು ಲೀಟರಿಗೆ ಸುಮಾರು 25 ರೂಪಾಯಿ ಏರಿಸಲಾಯಿತು. ಚಿಲ್ಲರೆ ಬೆಲೆ ಕಡಿಮೆಯಿದ್ದುದರಿಂದ ಸಾರಿಗೆ ನಿಗಮಗಳ ಬಸ್ಸುಗಳು ಬಂಕುಗಳ ಕಡೆಗೆ ತಿರುಗಿದವು. ನಷ್ಟದ ಭಯದಿಂದ ಕೆಲವು ಕಂಪನಿಗಳು ಪೂರೈಕೆಯನ್ನು ಬಿಗಿಗೊಳಿಸಿದವು. ಆ ಬೇಸಿಗೆಯ ಕೊನೆಗೆ ರಾಜ್ಯದ ಹಲವೆಡೆ ಡೀಸೆಲ್ ಕೊರತೆ ಕಾಣಿಸಿಕೊಂಡಿತು. ಬಂಕಿನಲ್ಲಿ ಬಸ್ಸಿನ ಹಿಂದೆ ನಿಂತ ಕಾರಿನವನು ಬಸ್ಸನ್ನು ಶಪಿಸಿದ. ಅವನ ಸರದಿಯನ್ನು ತಡಮಾಡಿದ್ದು ಬಸ್ಸಲ್ಲ, ಒಂದೇ ದ್ರವಕ್ಕೆ ಎರಡು ಬೆಲೆ ಕಟ್ಟಿದ ಕಾಗದ.

ನಳಿಕೆಯ ಆಚೆಗೆ

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಳತೆ ಎಷ್ಟೇ ಸರಿಯಾಗಿರಲಿ, ಎಣ್ಣೆ ಎಷ್ಟೇ ಶುದ್ಧವಾಗಿರಲಿ, 40 ಲೀಟರಿನ ಟ್ಯಾಂಕು ನೂರು ಕಿಲೋಗಿಂತ ಹೆಚ್ಚು ಅನಿಲವನ್ನು ಬಿಟ್ಟೇ ಬರಿದಾಗುತ್ತದೆ. ಬಂಕಿನ ನೆಲದಡಿಯ ಟ್ಯಾಂಕು ಸೋರಿದರೆ ಕೊಳವೆ ಬಾವಿಗಳನ್ನೇ ನಂಬಿದ ಈ ಒಣ ತಾಲ್ಲೂಕಿನಲ್ಲಿ ಅಂತರ್ಜಲ ಕೆಡುತ್ತದೆ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರ್ ದೂರವಿರಬೇಕೆಂದೂ, ಅನಿವಾರ್ಯವಾದಲ್ಲಿ ಹೆಚ್ಚಿನ ಸುರಕ್ಷತೆಯೊಂದಿಗೆ 30 ಮೀಟರಿಗಿಂತ ಹತ್ತಿರ ಬರಬಾರದೆಂದೂ ಸೂಚಿಸಿತು. ಹೊಸ ಬಂಕಿಗೆ ಅಡಿಪಾಯ ಅಗೆಯುವುದು ಕಂಡಾಗ ಗ್ರಾಮಸಭೆಯಲ್ಲಿ ಈ ಅಂತರವನ್ನು ಕೇಳುವ ಹಕ್ಕು ಊರವರಿಗಿದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಈಗ ಭಕ್ತರ ಸ್ವಂತ ವಾಹನಗಳನ್ನು ಬಿಡುವುದಿಲ್ಲ. ತಪ್ಪಲಿನಲ್ಲಿ ಕಾರು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಸಾಲುಸಾಲು ಕಾರುಗಳು ಏರುತ್ತಿದ್ದ ದಾರಿಯಲ್ಲಿ ಒಂದು ಬಸ್ಸು ಏರುತ್ತದೆ. ಕಾರಿನವನಿಗೆ ಮೊದಲು ಕಿರಿಕಿರಿಯಾದರೂ ಬೆಟ್ಟದ ಮೇಲೆ ಹೊಗೆ ಕಡಿಮೆಯಾಗಿದೆ. ಆನೆಗೂ ದಾರಿ ಬಿಟ್ಟಂತಾಗಿದೆ. ಬಸ್ಸೂ ಡೀಸೆಲ್ ಕುಡಿಯುತ್ತದೆ, ಆದರೆ ಐವತ್ತು ಜನರ ಪರವಾಗಿ ಕುಡಿಯುತ್ತದೆ.

ಮಾಡಬಹುದಾದದ್ದು

ದೊಡ್ಡ ಹೋರಾಟಕ್ಕೆ ಮೊದಲು ಸಣ್ಣ ಅಭ್ಯಾಸಗಳು ಬೇಕು. ಇಂಧನ ಹಾಕಿಸುವ ಪ್ರತಿಯೊಬ್ಬನೂ, ಕಾರಿರಲಿ ಟ್ರ್ಯಾಕ್ಟರಿರಲಿ, ಗಾಡಿಯಿಂದ ಇಳಿದು ನಿಲ್ಲಲಿ. ಫಲಕದಲ್ಲಿ ಸೊನ್ನೆಯನ್ನೂ ಲೀಟರಿನ ಬೆಲೆಯನ್ನೂ ನೋಡಲಿ. ನಡುವೆ ನಿಂತರೆ ಮೊದಲ ಮೊತ್ತವನ್ನು ಬರೆದಿಟ್ಟುಕೊಂಡು ಮತ್ತೆ ಸೊನ್ನೆಯಿಂದ ಆರಂಭಿಸುವಂತೆ ಹೇಳಲಿ. ರಸೀದಿ ಪಡೆಯಲಿ. ಅನುಮಾನವಿದ್ದರೆ 5 ಲೀಟರಿನ ಪಾತ್ರೆ ಕೇಳಲಿ. ನಿರಾಕರಿಸಿದರೆ ದೂರುಪುಸ್ತಕದಲ್ಲಿ ಬರೆಯಲಿ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅರ್ಜಿ ಕೊಡಲಿ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಲಿ. ಕುಡಿಯುವ ನೀರು, ಗಾಳಿ, ಶೌಚಾಲಯಗಳು ಬಂಕಿನವರು ಮಾಡುವ ಉಪಕಾರವಲ್ಲ, ಅವರು ಒದಗಿಸಲೇಬೇಕಾದ ಸೌಲಭ್ಯಗಳು.

ಒಬ್ಬನೇ ಕೇಳಿದರೆ ಜಗಳವೆನಿಸುತ್ತದೆ. ಊರು ಕೇಳಿದರೆ ಪದ್ಧತಿಯಾಗುತ್ತದೆ. ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ತಿಂಗಳಿಗೊಮ್ಮೆ ಬಂಕಿಗೆ ಹೋಗಿ, ಅಲ್ಲಿನ ಉಪಕರಣಗಳಿಂದಲೇ ಅಳತೆಯನ್ನೂ ಸಾಂದ್ರತೆಯನ್ನೂ ನೋಡಿ, ಒಂದು ವಹಿಯಲ್ಲಿ ದಿನಾಂಕದೊಂದಿಗೆ ಬರೆದಿಡಬಹುದು. ಸರಿಯಾಗಿ ಮಾರುವ ವ್ಯಾಪಾರಿಯ ಹೆಸರು ಆ ವಹಿಯಿಂದಲೇ ಊರಿಗೆ ತಿಳಿಯುತ್ತದೆ. ಅಂತಹವನು ಈ ಭೇಟಿಯನ್ನು ಸ್ವಾಗತಿಸುತ್ತಾನೆ. ಕಲಬೆರಕೆಯ ದೊಡ್ಡ ಕೈಗಳನ್ನು ಹಿಡಿಯುವ ಕೆಲಸ ಮಾತ್ರ ಅಧಿಕಾರಿಗಳದು. ವಿದ್ಯಾರ್ಥಿಗಳು ಅಲ್ಲಿಗೆ ಒಂಟಿಯಾಗಿ ಹೋಗಬಾರದು. ಮಂಜುನಾಥ್ ಅವರನ್ನು ಒಂಟಿಯಾಗಿ ಬಿಟ್ಟದ್ದೇ ಅಂದು ಆದ ತಪ್ಪು.

ಕಾರಿನ ಒಡೆಯರಿಗೂ ಒಂದು ಮಾತು ಸಲ್ಲುತ್ತದೆ. ತಮ್ಮ ಹಣಕ್ಕೆ ಸರಿಯಾದ ಅಳತೆ ಕೇಳುವ ಹಕ್ಕು ಅವರಿಗೆ ಪೂರ್ಣವಾಗಿದೆ. ಅದೇ ಹಕ್ಕಿನಿಂದ ಮಲೆಯ ಜನರು ತಮ್ಮ ಗಾಳಿಗೆ, ನೀರಿಗೆ, ಕಾಡಿನ ರಾತ್ರಿಗೆ ಸರಿಯಾದ ಅಳತೆ ಕೇಳುತ್ತಿದ್ದಾರೆ. ಒಂಬತ್ತಕ್ಕೆ ಮುಚ್ಚುವ ಗೇಟಿನ ಮುಂದೆ ಸಿಟ್ಟಾಗುವ ಮೊದಲು ಒಂದು ಗಂಟೆ ಮುಂಚೆ ಹೊರಡಬಹುದು. ಬಂಕಿನಲ್ಲಿ ಮೋಸಹೋಗದಷ್ಟು ಸಮಯವೂ ಆಗ ಸಿಗುತ್ತದೆ.

ಮುಂದಿನ ತಿಂಗಳು ಗುಂಡ್ಲುಪೇಟೆಗೆ ಹೋಗುವ ಟ್ರ್ಯಾಕ್ಟರಿನವರು ಯಾರೇ ಆಗಲಿ, ಅಳತೆಪಾತ್ರೆಯನ್ನೊಮ್ಮೆ ಕೇಳಿ ನೋಡಲಿ. ಸಿಕ್ಕ ಉತ್ತರವನ್ನು ಊರಿನ ವಹಿಯಲ್ಲಿ ಬರೆದಿಡಲಿ. ಕೆಲಸ ಅಲ್ಲಿಂದ ಆರಂಭವಾಗಲಿ.